ಗುಂಜಿಯಲ್ಲಿ ಕಂಡ ಗೂಢಚಾರ

ಖಾನಾಪುರದಿಂದ ಲೋಂಡಾಕ್ಕೆ ಹೋಗುವ ದಾರಿಯಲ್ಲಿ ಗುಂಜಿ ಎಂಬ ಚಿಕ್ಕ ಊರಿದೆ. ಮಳೆಗಾಲದಲ್ಲಿ ಅಲ್ಲಿಗೆ ಹೋದವನಿಗೆ ಮನೆಯೊಳಗೆ ಕೂಡುವುದೊಂದೇ ಉದ್ಯೋಗ. ಅಂಥದೊಂದು ಶ್ರಾವಣದಲ್ಲಿ, ಸೋದರಮಾವನ ಮನೆಯಲ್ಲಿ, ಬಿ.ಬಿ.ಸಿ. 1979ರಲ್ಲಿ ಬಿತ್ತರಿಸಿದ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ ಧಾರಾವಾಹಿಯ ಏಳೂ ಕಂತುಗಳನ್ನು ಡಿವಿಡಿಯಲ್ಲಿ ನೋಡಿದೆ.

ಬಂದೂಕಿನ ಆರ್ಭಟ ಅದರಲ್ಲಿ ತೀರ ಕಡಿಮೆ. ಅಲೆಕ್ ಗಿನೆಸ್ ಅಭಿನಯಿಸಿದ ಸ್ಮೈಲಿ ಎಂಬ ನಿವೃತ್ತ ಅಧಿಕಾರಿ, ಹಳೆಯ ಕಡತ ತಿರುವುತ್ತ, ತನ್ನ ಇಲಾಖೆಯ ಮೇಲ್ಮಟ್ಟದಲ್ಲೇ ಅಡಗಿದ ದ್ರೋಹಿಯನ್ನು ಹುಡುಕುತ್ತಾನೆ. ಮೂಲ ಕಾದಂಬರಿಕಾರ ಜಾನ್ ಲೆ ಕಾರೆ ಸ್ವತಃ ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದವರು. ಕಥೆಗೆ ನೆರಳಾದ ನಿಜವಾದ ದ್ರೋಹಿ ಕಿಮ್ ಫಿಲ್ಬಿ ಹುಟ್ಟಿದ್ದು 1912ರಲ್ಲಿ, ನಮ್ಮ ಅಂಬಾಲದಲ್ಲಿ; ‘ಕಿಮ್’ ಎಂಬುದು ಕಿಪ್ಲಿಂಗನ ಕಾದಂಬರಿಯ ಹುಡುಗನ ಹೆಸರು. ಅವನು 1963ರಲ್ಲಿ ರಷ್ಯಕ್ಕೆ ಓಡಿಹೋದ.

ನಾನು ಮೆಚ್ಚಿ ತಲೆದೂಗುತ್ತಿದ್ದೆ. ಮಾವ ಅಡಕೆ ಕತ್ತರಿಸುತ್ತ ಅಂದರು: “ಇದನ್ನ ನೋಡಾಕ ಲಂಡನ್ನಿಗೆ ಯಾಕ ಹೋಗಬೇಕೋ? ನಂದಗಡ ಇಲ್ಲೇ ಐತಲ್ಲ!”

ನಾನು ಸುಮ್ಮನಾದೆ. 1824ರಲ್ಲಿ ಕಿತ್ತೂರು ಬಿದ್ದ ಮೇಲೂ ಕಂಪನಿ ಸರಕಾರವನ್ನು ಕಾಡಿದ ಸಂಗೊಳ್ಳಿ ರಾಯಣ್ಣ 1830ರಲ್ಲಿ ಸೆರೆಸಿಕ್ಕಿದ್ದು ನಮ್ಮವರದೇ ಮೋಸದಿಂದ. ಹಳ್ಳದಲ್ಲಿ ಮೀಯುವಾಗ ಹಿಡಿದರೆಂದು ಜನ ಇಂದಿಗೂ ಹೇಳುತ್ತಾರೆ. 1831ರಲ್ಲಿ ಇದೇ ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಫಿಲ್ಬಿ ಮಾಡಿದ್ದು ಬ್ರಿಟಿಷರ ಕಣ್ಣಿಗೆ ದ್ರೋಹ. ರಾಯಣ್ಣನನ್ನು ಹಿಡಿದುಕೊಟ್ಟವರದು ಅದೇ ಬ್ರಿಟಿಷರ ಕಣ್ಣಿಗೆ ಸೇವೆ. ಸ್ಮೈಲಿಯ ಸಂಕಟ ನನಗೀಗಲೂ ಸುಳ್ಳೆನಿಸುವುದಿಲ್ಲ. ಆದರೆ ನಂದಗಡದ ಆಲದ ಮರದ ಕೆಳಗೆ ನಿಂತವನಿಗೆ ಅದು ಅರ್ಧ ಕಥೆಯಾಗಿ ಮಾತ್ರ ತೋರುತ್ತದೆ.