ಹಗಲು ಹಜಾರ, ರಾತ್ರಿ ಮಲಗುವ ಕೋಣೆ

ನೆದರ್‌ಲ್ಯಾಂಡ್ಸ್ ದೇಶದ ಉಟ್ರೆಕ್ಟ್ ನಗರದಲ್ಲಿ 1924ರಲ್ಲಿ ಕಟ್ಟಿದ ಮನೆಯೊಂದರ ಕತೆ ಇದು. ಕಟ್ಟಿಸಿದ ಟ್ರೂಸ್ ಶ್ರೋಡರ್ ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡಿದ್ದರು. ಮೂವರು ಮಕ್ಕಳು ತಮ್ಮ ಹತ್ತಿರವೇ ಬೆಳೆಯಬೇಕೆಂಬುದು ಅವರ ಆಸೆ.

ವಿನ್ಯಾಸ ಮಾಡಿದ್ದು ಬಡಗಿ ಕೆಲಸ ಕಲಿತಿದ್ದ ಗೆರಿಟ್ ರೀಟ್‌ವೆಲ್ಡ್. ಟ್ರೂಸ್ ಜೊತೆಗೇ ಕೂತು ಯೋಚಿಸಿದರು. ಮಹಡಿಯಲ್ಲಿ ಜಾರುವ ಗೋಡೆಗಳನ್ನಿಟ್ಟರು. ಹಗಲು ಸರಿಸಿದರೆ ಇಡೀ ಮಹಡಿ ಒಂದೇ ಹಜಾರ. ರಾತ್ರಿ ಎಳೆದರೆ ಹೆಣ್ಣುಮಕ್ಕಳಿಗೊಂದು, ಮಗನಿಗೊಂದು ಮಲಗುವ ಕೋಣೆ. ಕೆಂಪು, ನೀಲಿ, ಹಳದಿ ಬಣ್ಣಗಳೇ ಅಲಂಕಾರ. ಕಟ್ಟಡದ ನಿಯಮಕ್ಕೆ ಸಿಗದ ಈ ಮಹಡಿಯನ್ನು ನಕ್ಷೆಯಲ್ಲಿ 'ಅಟ್ಟ' ಎಂದು ತೋರಿಸಿದರು!

ಟ್ರೂಸ್ 1985ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಬಾಳಿದರು. 2000ದಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮನೆ ಕಟ್ಟುವಾಗ ನಾವು ಮೇಸ್ತ್ರಿಯನ್ನು ಕೇಳುತ್ತೇವೆ, ವಾಸ್ತು ಕೇಳುತ್ತೇವೆ. ಅದರಲ್ಲಿ ಬದುಕುವ ಹೆಂಗಸರನ್ನು ಕೇಳುತ್ತೇವಾ?