ಎರಡನೆಯ ಈಡು

ಹೊಸೂರು, ದೆಂಕಣಿಕೋಟೆ, ಜವಳಗಿರಿಗಳ ಕಾಡುಸೀಮೆಯ ಹೆಸರು ಹೊರನಾಡುಗಳಿಗೆ ತಿಳಿದುದು ಬಹುಮಟ್ಟಿಗೆ ಬೆಂಗಳೂರಿನ ಕೆನ್ನೆತ್ ಆಂಡರ್‌ಸನ್ನರ ಬೇಟೆಯ ಬರಹಗಳಿಂದ. 1954ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಜವಳಗಿರಿಯ ನರಭಕ್ಷಕ ಹೆಣ್ಣುಹುಲಿಯ ಕಥೆಯಿದೆ. ಮುಂದೆ ಪೂರ್ಣಚಂದ್ರ ತೇಜಸ್ವಿಯವರು ಅವರ ಕಥೆಗಳನ್ನು ಕನ್ನಡಕ್ಕೆ ತಂದರು. ಆದರೆ ಹುಲಿಯನ್ನು ನೆನೆಯುವ ವಾಚಕರು ಕೋವಿಯನ್ನು ನೆನೆಯುವುದು ಅಪರೂಪ.

ಆಂಡರ್‌ಸನ್ನರ ಕೈಯಲ್ಲಿದ್ದುದು ಅಮೆರಿಕದ ವಿಂಚೆಸ್ಟರ್ 405. 1895ನೆಯ ಮಾದರಿಯ ಈ ರೈಫಲನ್ನು ರೂಪಿಸಿದವನು ಜಾನ್ ಬ್ರೌನಿಂಗ್. 405ರ ತೋಟೆ ಬಂದುದು 1904ರಲ್ಲಿ. ಅದಕ್ಕೆ ಹಿಂದಿನ ಸನ್ನೆಕೋವಿಗಳಲ್ಲಿ ತೋಟೆಗಳು ನಳಿಗೆಯ ಕೆಳಗಣ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತಿದ್ದುವು. ಗುಂಡಿನ ಮೂತಿ ಚೂಪಾಗಿದ್ದರೆ ಅದು ಮುಂದಿನ ತೋಟೆಯ ಕೇಪಿಗೆ ತಾಗಿ ಕೊಳವೆಯಲ್ಲಿಯೇ ಸಿಡಿಯುವ ಭಯ. ಬ್ರೌನಿಂಗ್ ಕೊಳವೆಯನ್ನು ಬಿಟ್ಟು ಪೆಟ್ಟಿಗೆಯನ್ನಿಟ್ಟನು. ಅದರಲ್ಲಿ ನಾಲ್ಕು ತೋಟೆಗಳು, ಒಂದರ ಮೇಲೊಂದು. ಸನ್ನೆಯನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಸುಟ್ಟ ತೋಟೆ ಹೊರಕ್ಕೆ, ಹೊಸತು ಒಳಕ್ಕೆ.

ತೊಡಕಿದ್ದುದು ಇಲ್ಲಿಯೇ. ಈ ತೋಟೆಯ ಬುಡದಲ್ಲಿ ಉಬ್ಬಿದ ಅಂಚುಂಟು. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಕುಳಿತರೆ, ಮುಂದಕ್ಕೆ ಹೊರಟ ತೋಟೆ ಕೆಳಗಿನದಕ್ಕೆ ತೊಡರಿ ನಿಂತುಬಿಡುತ್ತದೆ. ಆದುದರಿಂದ ತುಂಬುವಾಗಲೇ ಒಂದೊಂದರ ಅಂಚನ್ನೂ ಕೆಳಗಿನದರ ಮುಂದಕ್ಕೆ ಕೂರಿಸಬೇಕು. ಜರ್ಮನಿಯ ಮೌಸರ್ 1898ರ ಮಾದರಿಯಲ್ಲಿ ಈ ಕಾಟವಿಲ್ಲ. ಅಂಚು ಉಬ್ಬಿರದ ಅದರ ತೋಟೆ ಪೆಟ್ಟಿಗೆಯಿಂದ ಮೇಲೇಳುತ್ತಲೇ ಅಗಲವಾದ ಉಕ್ಕಿನ ಕೊಕ್ಕೆಯೊಂದು ಅದನ್ನು ಹಿಡಿದುಕೊಳ್ಳುತ್ತದೆ. ಚಂಪಾವತದ ಹುಲಿಯನ್ನು ಕೊಂದುದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ ರಿಗ್ಬಿ 275 ಈ ಜಾತಿಯದು.

ಯಂತ್ರವೆಷ್ಟು ಒಳ್ಳೆಯದಾದರೂ ಕೈ ಪಳಗಿರಬೇಕಷ್ಟೆ. ಗಾಬರಿಯಲ್ಲಿ ಸನ್ನೆಯನ್ನು ಅರ್ಧಕ್ಕೆಳೆದರೆ ತೋಟೆ ಏರದು. ಖಾಲಿ ಕೋಣೆಯ ಮೇಲೆ ಕುದುರೆ ಬಡಿದ ಸದ್ದಷ್ಟೇ ಉಳಿಯುತ್ತದೆ. ಕೋವಿಯ ತಪ್ಪೆಂದು ಹೇಳುವುದರಲ್ಲಿ ಬಹುಪಾಲು ಕೈಯ ತಪ್ಪೇ ಎಂದು ನನ್ನ ಎಣಿಕೆ. ಕಾರ್ಬೆಟ್ಟರು ಬಾಲಕರಾಗಿದ್ದಾಗ ನೈನಿತಾಲದ ಸ್ವಯಂಸೇವಕ ಪಡೆಯ ಸಾರ್ಜೆಂಟ್ ಮೇಜರನೊಬ್ಬನು ಅವರಿಗೆ ಒಂದೇ ತೋಟೆಯ ಮಾರ್ಟಿನಿ ರೈಫಲನ್ನು ಬಳಸಲು ಕೊಟ್ಟಿದ್ದನು. ಕೋವಿಯನ್ನು ಶುಚಿಯಾಗಿಡಬೇಕು, ಸುಟ್ಟ ತೋಟೆಗಳನ್ನು ಹಿಂದಿರುಗಿಸಬೇಕು, ಇಷ್ಟೇ ಕರಾರು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಗುರುಕುಲ ಯಾವುದು?

ನಮ್ಮ ಹಳ್ಳಿಗಳವರಿಗೆ ಈ ಭಾಗ್ಯವೆಲ್ಲಿ! ತೋಟೆಕೋವಿಯಿದ್ದವರ ಕಾಗದದ ತೋಟೆಗಳು ಮಳೆಗಾಲದಲ್ಲಿ ಉಬ್ಬಿ ನಳಿಗೆಗೆ ಇಳಿಯುತ್ತಿರಲಿಲ್ಲ. ಆಂಡರ್‌ಸನ್ನರಿಗೆ ಜಾಡು ತೋರಿದ ಚಿನ್ನಾರಿನ ಬೈರ ಪೂಜಾರಿಯ ಬಳಿ ಇದ್ದುದಂತೂ ಮೂತಿಯಿಂದ ಮದ್ದು ಜಡಿಯುವ ಹಳೆಯ ಕೋವಿ. ಅದಕ್ಕೆ ಒಂದೇ ಈಡು. ಅದು ತಪ್ಪಿದರೆ ಉಳಿಯುವುದು ಮರ, ಇಲ್ಲವೆ ಕಾಲು.