ಒಂದು ಕಂಪ್ಯೂಟರು, ಇನ್ನೊಂದರ ಪರದೆ

ನಮ್ಮ ವಾಳೂಜ್ ಎಂ.ಐ.ಡಿ.ಸಿ.ಯ ಸಣ್ಣ ವರ್ಕ್‌ಶಾಪುಗಳಿಗೆ ಹೋದರೆ, ಲೆಕ್ಕ ಬರೆಯುವವರ ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕ ಹಳೆಯ ಟ್ಯಾಬ್ಲೆಟ್ ಒಂದನ್ನು ಡಬ್ಬಕ್ಕೆ ಒರಗಿಸಿ ನಿಲ್ಲಿಸಿರುವುದು ಕಾಣಿಸುತ್ತದೆ. 1985ರಲ್ಲಿ ಬಜಾಜ್ ಆಟೋ ಕಾರ್ಖಾನೆ ಶುರುವಾದ ಮೇಲೆ ಬೆಳೆದ ಜಾಗ ಇದು. ಬಿಡಿಭಾಗ ಮಾಡಿಕೊಡುವ ಶೆಡ್ಡುಗಳು ಲೆಕ್ಕವಿಲ್ಲದಷ್ಟು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಿನಿಂದ ಇವರಿಗೆಲ್ಲ ಹೊಸ ಕೆಲಸ ಹತ್ತಿಕೊಂಡಿತು. ತಾವು ಖರೀದಿ ಮಾಡಿದ್ದಕ್ಕೂ ಮಾರಿದವರು ಪೋರ್ಟಲ್‌ನಲ್ಲಿ ತೋರಿಸಿದ್ದಕ್ಕೂ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ಪರದೆಯಲ್ಲಿ ಟ್ಯಾಲಿ ಮುಚ್ಚಿ ಪೋರ್ಟಲ್ ತೆಗೆದು, ಪೋರ್ಟಲ್ ಮುಚ್ಚಿ ಟ್ಯಾಲಿ ತೆಗೆದು... ಸಂಜೆಯ ಹೊತ್ತಿಗೆ ತಲೆ ಗಿರ್ರೆನ್ನುತ್ತದೆ. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ, ಟ್ಯಾಬ್ಲೆಟ್ಟಿನಲ್ಲಿ ಪೋರ್ಟಲ್. ನಡುವೆ ವೈರಿಲ್ಲ, ವೈ-ಫೈ ಅಷ್ಟೆ. ಮೌಸಿನ ಬಾಣ ಲ್ಯಾಪ್‌ಟಾಪಿನ ಅಂಚು ದಾಟಿ ಟ್ಯಾಬ್ಲೆಟ್ಟಿಗೆ ಹೋಗುತ್ತದೆ, ವಾಪಸ್ ಬರುತ್ತದೆ.

ಇದನ್ನು ನೋಡಿದವರು "ಏನು ಹೊಸ ಕಾಲ ಬಂತಪ್ಪಾ" ಅನ್ನುತ್ತಾರೆ. ನನಗೆ ಮಾತ್ರ ಹಳೆಯ ಕಾಲವೇ ವಾಪಸ್ ಬಂದಂತೆ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ಬ್ಯಾಂಕಿಗೆ ಸೇರಿದವರಿಗೆಲ್ಲ ಟರ್ಮಿನಲ್ ಗೊತ್ತು. ರಂಗರಾಜನ್ ಸಮಿತಿಯ ಮೊದಲ ವರದಿ 1984ರಲ್ಲಿ, ಎರಡನೆಯದು 1989ರಲ್ಲಿ ಬಂತು. ಯೂನಿಯನ್ನುಗಳ ವಿರೋಧವೂ ಜೋರಿತ್ತು. ಮೊದಲು ಶಾಖೆಗಳಿಗೆ ಬಂದ ಯಂತ್ರದ ಹೆಸರು 'ಲೆಡ್ಜರ್ ಪೋಸ್ಟಿಂಗ್ ಮಷೀನ್'. ಹೆಸರು ಏನೇ ಇರಲಿ, ಒಳಗಿದ್ದದ್ದು ಕಂಪ್ಯೂಟರೇ! ಆಮೇಲೆ ಎಷ್ಟೋ ಶಾಖೆಗಳಲ್ಲಿ ಎ.ಸಿ. ಕೋಣೆಯೊಳಗೆ ಯುನಿಕ್ಸ್ ಓಡಿಸುವ ಒಂದೇ ಒಂದು ಕಂಪ್ಯೂಟರ್ ಬಂತು. ಅದರಿಂದ ಪ್ರತಿ ಕೌಂಟರಿಗೂ ಒಂದೊಂದು ವೈರು, ವೈರಿನ ತುದಿಯಲ್ಲಿ ಹಸಿರು ಅಕ್ಷರದ ಪರದೆ, ಒಂದು ಕೀಲಿಮಣೆ. ಆ ಪರದೆಗೆ ಸ್ವಂತ ಬುದ್ಧಿ ಇರಲಿಲ್ಲ. ಅದಕ್ಕೇ ಇಂಗ್ಲಿಷಿನಲ್ಲಿ 'ಡಂಬ್' ಟರ್ಮಿನಲ್ ಅನ್ನುತ್ತಿದ್ದರು. ವೈರು ಕಿತ್ತರೆ ಬರೀ ಗಾಜು.

ಲೆಕ್ಕ ಹಾಕಿ ನೋಡಿ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1,920. ಆಗ ಸಾಮಾನ್ಯವಾಗಿದ್ದ 9,600 ಬಿಟ್ ವೇಗದ ವೈರಿನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 960 ಅಕ್ಷರ ಹೋಗುತ್ತವೆ. ಅಂದರೆ ಪರದೆ ಪೂರ್ತಿ ತುಂಬಲು ಎರಡು ಸೆಕೆಂಡು. ಖಾತೆ ನಂಬರ್ ಒತ್ತಿದರೆ ಸಾಲುಗಳು ಮೇಲಿನಿಂದ ಒಂದೊಂದಾಗಿ ಇಳಿಯುತ್ತಿದ್ದುದು ಇದಕ್ಕೇ. ಗ್ರಾಹಕರು ಕೌಂಟರಿಗೆ ಮೊಣಕೈ ಊರಿ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದರು.

ಪರದೆ ಬೇರೆ, ಕಂಪ್ಯೂಟರ್ ಬೇರೆ ಅನ್ನುವುದು ಇನ್ನೂ ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸ್ ಇತ್ಯಾದಿಗಳನ್ನು ಜನರ ಮುಂದೆ ತೋರಿಸಿದರಲ್ಲ, ಆ ದಿನ ಕಂಪ್ಯೂಟರ್ ಅಲ್ಲಿ ಇರಲೇ ಇಲ್ಲ. ಅದು ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿತ್ತು. ಅಲ್ಲಿ ಪುಟ್ಟ ಚಿತ್ರನಳಿಗೆಗಳ ಮೇಲೆ ಮೂಡುವ ಚಿತ್ರವನ್ನು ಟಿವಿ ಕ್ಯಾಮೆರಾದಲ್ಲಿ ಹಿಡಿದು, ಮೈಕ್ರೋವೇವ್ ಮೂಲಕ ಸಭಾಂಗಣಕ್ಕೆ ಕಳಿಸಿದ್ದರು. ಪರದೆಗೇ ಕ್ಯಾಮೆರಾ ಹಿಡಿಯುವುದು! ನಾವು ಇವತ್ತು ಮೊಬೈಲಿನಲ್ಲಿ ಕಂಪ್ಯೂಟರ್ ಪರದೆಯ ಫೋಟೋ ಹೊಡೆದು ವಾಟ್ಸಾಪ್ ಮಾಡುತ್ತೇವಲ್ಲ, ಅದರ ಮುತ್ತಜ್ಜ ಅನ್ನಿ.

1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಕ್ಸ್ ವಿಂಡೋ ಅನ್ನುವ ವ್ಯವಸ್ಥೆ ಹುಟ್ಟಿತು. ತಂತ್ರಾಂಶ ಎಲ್ಲೋ ಓಡುತ್ತದೆ, ಅದರ ಕಿಟಕಿ ನಿಮ್ಮ ಮುಂದಿನ ಪರದೆಯಲ್ಲಿ ತೆರೆಯುತ್ತದೆ. ಆದರೆ ಪರ್ಸನಲ್ ಕಂಪ್ಯೂಟರ್ ಅಗ್ಗವಾದಂತೆ ಜನ ಇದನ್ನೆಲ್ಲ ಮರೆತರು. ಪ್ರತಿ ಮೇಜಿಗೂ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಅದರದೇ ಮಾನಿಟರ್. ಎರಡನೇ ಮಾನಿಟರ್ ಬೇಕಾದರೆ ಎರಡನೇ ಕಾರ್ಡ್ ಹಾಕಬೇಕು. 1987ರ ಮ್ಯಾಕಿಂಟಾಷ್ 2ರಲ್ಲಿ ಇದಕ್ಕೆ ಅವಕಾಶವಿತ್ತು. ವಿಂಡೋಸ್ ಬಳಸುವ ಸಾಮಾನ್ಯ ಜನರಿಗೆ ಅದು ಬಂದದ್ದು ವಿಂಡೋಸ್ 98ರಲ್ಲಿ.

ವೈರಿಲ್ಲದ ಪರದೆಯ ಕಥೆಯಲ್ಲಿ ನನಗೆ ಅಚ್ಚುಮೆಚ್ಚಿನ ಭಾಗ ಇಂಗ್ಲೆಂಡಿನ ಕೇಂಬ್ರಿಜ್‌ನದು. ಅಲ್ಲಿನ ಒಲಿವೆಟ್ಟಿ ಪ್ರಯೋಗಾಲಯದವರು ತೊಂಬತ್ತರ ದಶಕದಲ್ಲಿ ವಿಡಿಯೋಟೈಲ್ ಎಂಬ, ಪೆನ್ನಿನಿಂದ ಗೀರುವ ಒಂದು ಪರದೆ ಮಾಡಿದ್ದರು. ಅದು ನೆಟ್‌ವರ್ಕಿಗೆ ಸೇರುತ್ತಿದ್ದದ್ದು ಎಟಿಎಂ ಮೂಲಕ. (ನಮ್ಮ ದುಡ್ಡು ಕೊಡುವ ಎಟಿಎಂ ಅಲ್ಲ ಸ್ವಾಮಿ, ಆ ಹೆಸರಿನ ಒಂದು ನೆಟ್‌ವರ್ಕ್ ತಂತ್ರ!) ಅದರಿಂದ ಬೆಳೆದದ್ದೇ ವಿ.ಎನ್.ಸಿ. 1998ರಲ್ಲಿ ಅದನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟರು. ಇದರ ಉಪಾಯ ಸರಳ. ಇಡೀ ಪರದೆಯನ್ನು ಪದೇ ಪದೇ ಕಳಿಸಬೇಡ, ಯಾವ ಚೌಕ ಬದಲಾಯಿತೋ ಅದನ್ನಷ್ಟೇ ಕಳಿಸು. ಪ್ರಯೋಗಾಲಯ 2002ರಲ್ಲಿ ಮುಚ್ಚಿಹೋಯಿತು, ಉಪಾಯ ಉಳಿಯಿತು.

ಚೌಕ ಕಳಿಸುವ ಉಪಾಯ ಯಾಕೆ ಬೇಕಾಯಿತು ಅನ್ನುವುದಕ್ಕೆ ಇನ್ನೊಂದು ಲೆಕ್ಕ. 1024×768 ಚುಕ್ಕಿಗಳ ಬಣ್ಣದ ಪರದೆಗೆ ಒಂದು ಚಿತ್ರಕ್ಕೆ ಸುಮಾರು 19 ಮೆಗಾಬಿಟ್ ಬೇಕು. ಸೆಕೆಂಡಿಗೆ 60 ಚಿತ್ರ ಅಂದರೆ 1,100 ಮೆಗಾಬಿಟ್ ದಾಟುತ್ತದೆ. 2000ದ ಸುಮಾರಿನ ವೈ-ಫೈ ಕಾಗದದ ಮೇಲೇ 11 ಮೆಗಾಬಿಟ್. ಸಂಬಳಕ್ಕಿಂತ ನೂರು ಪಟ್ಟು ಖರ್ಚು! ಆದರೂ ಮೈಕ್ರೋಸಾಫ್ಟ್ 2003ರಲ್ಲಿ ಸ್ಮಾರ್ಟ್ ಡಿಸ್‌ಪ್ಲೇ ಅಂತ ಎತ್ತಿಕೊಂಡು ಓಡಾಡುವ ಮಾನಿಟರನ್ನು ಮಾರುಕಟ್ಟೆಗೆ ತಂದಿತು. ಬೆಲೆ ಸುಮಾರು ಸಾವಿರ ಡಾಲರ್. ಅದನ್ನು ಹಾಸಿಗೆಗೆ ತೆಗೆದುಕೊಂಡು ಹೋದರೆ ಮೇಜಿನ ಮೇಲಿನ ಕಂಪ್ಯೂಟರ್ ಬೀಗ ಹಾಕಿಕೊಳ್ಳುತ್ತಿತ್ತು, ಮನೆಯಲ್ಲಿ ಇನ್ನೊಬ್ಬರು ಮುಟ್ಟುವಂತಿಲ್ಲ. ಆ ವರ್ಷದ ಕೊನೆಗೇ ಕೈಬಿಟ್ಟರು. ಆಶ್ಚರ್ಯವೇನಿಲ್ಲ ಬಿಡಿ.

ಇಲ್ಲಿಯವರೆಗಿನದ್ದೆಲ್ಲ ಇದ್ದ ಪರದೆಯನ್ನೇ ಬೇರೆ ಕಡೆ ತೋರಿಸುವ ಕೆಲಸ. ನಮ್ಮ ಲೆಕ್ಕಿಗರಿಗೆ ಬೇಕಾದದ್ದು ಅದಲ್ಲ, ಅವರಿಗೆ ಬೇಕು ಹೆಚ್ಚಿನ ಜಾಗ. ಅದಕ್ಕೆ ಕಂಪ್ಯೂಟರನ್ನೇ ನಂಬಿಸಬೇಕು, 'ನಿನಗೆ ಇನ್ನೊಂದು ಮಾನಿಟರ್ ಜೋಡಿಸಿದ್ದಾರೆ' ಅಂತ. ಇಲ್ಲದ ಮಾನಿಟರನ್ನು ಇದೆ ಎಂದು ಹೇಳುವ ಒಂದು ಡ್ರೈವರ್ ಹಾಕುತ್ತಾರೆ. ವಿಂಡೋಸ್ ನಂಬಿ ಅಲ್ಲಿಗೆ ಚಿತ್ರ ಬರೆಯುತ್ತದೆ. ಆ ಚಿತ್ರವನ್ನು ಹಿಡಿದು, ಹಿಂಡಿ ಚಿಕ್ಕದು ಮಾಡಿ, ಇನ್ನೊಂದು ಯಂತ್ರಕ್ಕೆ ಕಳಿಸುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೇನಾಮಿ ಖಾತೆ! 2000ದ ದಶಕದ ನಡುವಿನಲ್ಲಿ ಮ್ಯಾಕ್ಸಿವಿಸ್ಟಾ ಎಂಬ ತಂತ್ರಾಂಶ ಹಳೆಯ ಪಿಸಿಯನ್ನು ಹೀಗೆ ಎರಡನೇ ಮಾನಿಟರ್ ಮಾಡುತ್ತಿತ್ತು. 2010ರಲ್ಲಿ ಐಪ್ಯಾಡ್ ಬಂದ ವರ್ಷವೇ ಏರ್ ಡಿಸ್‌ಪ್ಲೇ ಬಂತು. ಆಪಲ್‌ನಲ್ಲಿದ್ದ ಎಂಜಿನಿಯರ್ ರಾಹುಲ್ ದಿವಾನ್ 2014ರಲ್ಲಿ ತಂದ ಡ್ಯುಯೆಟ್ ಮೊದಲು ವೈರಿನಲ್ಲೇ ಓಡುತ್ತಿತ್ತು, ಮಿಂಚಿನ ಹಾಗೆ. 2019ರಲ್ಲಿ ಆಪಲ್ ಕಂಪನಿಯೇ ಸೈಡ್‌ಕಾರ್ ಎಂದು ಅದನ್ನು ತನ್ನ ವ್ಯವಸ್ಥೆಯೊಳಗೆ ಸೇರಿಸಿಕೊಂಡಿತು. ಇಲ್ಲಿ ನಮ್ಮ ಕಡೆ ಹೆಚ್ಚು ಕಾಣುವುದು ಸ್ಪೇಸ್‌ಡೆಸ್ಕ್, ವಿಂಡೋಸ್ ಪಿಸಿಗೆ ಹಳೆಯ ಆಂಡ್ರಾಯ್ಡ್ ಕೂಡ ಸಾಕು.

"ಡೇಟಾ ಖರ್ಚಾಗಲ್ವಾ ಸಾರ್?" ಅಂತ ಒಬ್ಬ ಹುಡುಗ ಕೇಳಿದ್ದ. ಇಲ್ಲ. ಚಿತ್ರ ಲ್ಯಾಪ್‌ಟಾಪಿನಿಂದ ಕೋಣೆಯ ರೌಟರಿಗೆ, ರೌಟರಿಂದ ಟ್ಯಾಬ್ಲೆಟ್ಟಿಗೆ ಹೋಗುತ್ತದೆ ಅಷ್ಟೆ. ಇಂಟರ್‌ನೆಟ್ ಕಡಿದುಹೋಗಿದ್ದರೂ ನಡೆಯುತ್ತದೆ. ಬಾಣ ಎಳೆದಂತೆ ನಿಧಾನವಾದರೆ ದೋಷ ಹೆಚ್ಚಾಗಿ ವೈ-ಫೈಯದು, ಯುಎಸ್‌ಬಿ ವೈರು ಹಾಕಿದರೆ ಸರಿಹೋಗುತ್ತದೆ. ಆದರೆ ಶೆಡ್ಡಿಗೆ ಬಂದ ಪ್ರತಿ ಡ್ರೈವರಿಗೂ ವೈ-ಫೈ ಪಾಸ್‌ವರ್ಡ್ ಕೊಟ್ಟಿದ್ದರೆ, ಆ ಜಾಲದಲ್ಲಿ ಲೆಕ್ಕದ ಪರದೆ ಓಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ಲೆಡ್ಜರನ್ನು ಕಿಟಕಿಯ ಕಟ್ಟೆ ಮೇಲೆ ತೆರೆದಿಟ್ಟಂತೆ.

ಅದಕ್ಕಿಂತ ದೊಡ್ಡ ಗಂಡಾಂತರ ಬೇರೆಯೇ ಇದೆ, ಅದನ್ನು ಬ್ಯಾಂಕಿನವನಾಗಿ ಹೇಳದೆ ಬಿಡಲಾರೆ. ಪರದೆಯನ್ನು ದೂರಕ್ಕೆ ಕಳಿಸುವ ಇದೇ ವಿದ್ಯೆಯ ಇನ್ನೊಂದು ಕೂಸು ರಿಮೋಟ್ ಆ್ಯಪ್. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರು ಹೇಳಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್ ಕಳ್ಳದಲ್ಲ, ಎಷ್ಟೋ ಕಚೇರಿಗಳಲ್ಲಿ ದಿನವೂ ಬಳಸುತ್ತಾರೆ. ಆದರೆ ಕೆವೈಸಿ ಮಾಡಬೇಕು ಅಂತ ಫೋನ್ ಬರುತ್ತದೆ, ಆ್ಯಪ್ ಹಾಕಿಸುತ್ತಾರೆ, ಅದು ತೋರಿಸುವ ನಂಬರ್ ಕೇಳುತ್ತಾರೆ. ನಂಬರ್ ಹೇಳಿ ಅನುಮತಿಯ ಗುಂಡಿ ಒತ್ತಿದಿರೋ, ನಿಮ್ಮ ಮೊಬೈಲು ಅವರ ಪರದೆ. ಓಟಿಪಿ ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ, ಅವರಿಗೇ ಕಾಣಿಸುತ್ತದೆ. ಪಿಂಚಣಿದಾರರು "ನಾನು ಯಾರಿಗೂ ಓಟಿಪಿ ಹೇಳಿಲ್ಲ ಸಾರ್" ಅಂತ ಪಾಸ್‌ಬುಕ್ ಹಿಡಿದು ಅಳುತ್ತಾರಲ್ಲ, ಅವರು ಹೇಳುವುದು ನಿಜವೇ ಇರುತ್ತದೆ.

ಇದಕ್ಕೇ ಈಗ ಹಲವು ಬ್ಯಾಂಕ್ ಆ್ಯಪ್‌ಗಳು ಪರದೆ ಹಂಚಿಕೊಂಡಿದ್ದರೆ ತೆರೆಯುವುದೇ ಇಲ್ಲ, ಇಲ್ಲವೆ ಆ ಕಡೆಗೆ ಬರೀ ಕಪ್ಪು ಕಾಣಿಸುತ್ತದೆ. ಮೊಬೈಲನ್ನು ಟಿವಿಗೆ ಜೋಡಿಸಿ ಮಗನಿಗೆ ಬ್ಯಾಲೆನ್ಸ್ ತೋರಿಸಲು ಹೋದವರು, ಆ್ಯಪ್ ಕೆಟ್ಟಿದೆ ಅಂತ ಶಾಖೆಗೆ ಬರುತ್ತಾರೆ. ಕೆಟ್ಟಿಲ್ಲ ಯಜಮಾನರೇ, ಬೇಕೆಂದೇ ಕಪ್ಪಾಗಿಸಿದ್ದಾರೆ ಅಂತ ಕೂರಿಸಿ ಹೇಳಬೇಕಾಗುತ್ತದೆ.